ಪದವಿಯ ಮೊದಲ ವರ್ಷ: ದೇಶ ಬದಲಾದಾಗ ದೇಹ ಮತ್ತು ಮನಸ್ಸು

ವಿಜಯಪುರದಿಂದ ಹೊರಟು ಬಾಗಲಕೋಟೆ, ಗದಗ, ಹುಬ್ಬಳ್ಳಿ, ಹಾವೇರಿ, ದಾವಣಗೆರೆಗಳನ್ನು ಹಾದು ಬರುವ ಮಂಗಳೂರು ರೈಲು ಸಕಲೇಶಪುರದ ಘಟ್ಟವನ್ನಿಳಿದು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಬಕ ಪುತ್ತೂರಿನಲ್ಲಿ. ಕಾಲೇಜುಗಳು ತೆರೆಯುವ ತಿಂಗಳುಗಳಲ್ಲಿ ಈ ಎರಡು ನಿಲ್ದಾಣಗಳಲ್ಲಿ ಹೊಸ ಟ್ರಂಕು, ಸುತ್ತಿದ ಹಾಸಿಗೆ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟುಗಳೊಡನೆ ಇಳಿಯುವ ಕುಟುಂಬಗಳನ್ನು ಬಹಳ ವರ್ಷಗಳಿಂದ ಕಾಣುತ್ತಿದ್ದೇನೆ. ನಮ್ಮ ಭಕ್ತರ ಮನೆಗಳ ಮಕ್ಕಳೂ ಅವರಲ್ಲಿ ಅನೇಕರಿದ್ದಾರೆ. ಸುಳ್ಯದ ಕೆ.ವಿ.ಜಿ. ಸಂಸ್ಥೆಗಳಲ್ಲಿ ಆಯುರ್ವೇದ, ವೈದ್ಯಕೀಯ, ದಂತವೈದ್ಯಕೀಯ, ಎಂಜಿನಿಯರಿಂಗ್. ಪುತ್ತೂರಿನಲ್ಲಿ 1958ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ಆರಂಭವಾದ ವಿವೇಕಾನಂದ ಕಾಲೇಜು. ಸುಬ್ರಹ್ಮಣ್ಯದಲ್ಲಿ ಕುಕ್ಕೆ ಸುಬ್ರಹ್ಮಣ್ಯೇಶ್ವರ ಕಾಲೇಜು. ಇಷ್ಟು ಕಿರಿದಾದ ಮಲೆಸೀಮೆಯಲ್ಲಿ ಇಷ್ಟೊಂದು ವಿದ್ಯಾಸಂಸ್ಥೆಗಳಿರುವುದು ಸಣ್ಣ ಸಂಗತಿಯಲ್ಲ.

ಪ್ರವೇಶದ ಗಡಿಬಿಡಿಯಲ್ಲಿ ಶುಲ್ಕ, ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರಗಳ ಬಗೆಗೆ ಎಲ್ಲರೂ ವಿಚಾರಿಸುತ್ತಾರೆ. ಹದಿನೆಂಟು ವರ್ಷ ಒಂದು ನೆಲದ ಗಾಳಿ, ನೀರು, ಧಾನ್ಯಗಳಿಂದ ಬೆಳೆದ ದೇಹವನ್ನು ಒಂದೇ ರಾತ್ರಿಯಲ್ಲಿ ಇನ್ನೊಂದು ನೆಲಕ್ಕೆ ತಂದು ಇಳಿಸುತ್ತಿದ್ದೇವೆಂಬ ವಿಚಾರ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಆ ಮಕ್ಕಳು ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಕುಳಿತಿರುತ್ತಾರೆ. ದೂರು ಹೆಚ್ಚಾಗಿ ಹೊಟ್ಟೆಯದು. ಹೊಟ್ಟೆಯ ಹಿಂದೆ ಬೇರೇನಿದೆ ಎಂಬುದು ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ತಿಳಿಯುತ್ತದೆ.

ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ನೋಡುತ್ತದೆ. ಮಳೆ ಕಡಿಮೆ, ಗಾಳಿ ಹೆಚ್ಚು, ಬಯಲು ಹೆಚ್ಚು ಇರುವುದು ಜಾಂಗಲ ದೇಶ. ನೀರು, ಮರ, ತೇವಗಳು ತುಂಬಿರುವುದು ಆನೂಪ ದೇಶ. ಬಯಲುಸೀಮೆಯ ನಮ್ಮ ಊರುಗಳು ಮೊದಲನೆಯದರ ಕಡೆಗೆ ವಾಲುತ್ತವೆ. ಸುಳ್ಯ, ಕಡಬಗಳು ಎರಡನೆಯದಕ್ಕೆ ಒಳ್ಳೆಯ ಉದಾಹರಣೆ. ವಿಜಯಪುರ, ಬಾಗಲಕೋಟೆಗಳಲ್ಲಿ ವರ್ಷವಿಡೀ ಸುರಿಯುವ ಮಳೆ ಸುಮಾರು 600 ಮಿಲಿಮೀಟರ್. ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಒಣಗಾಳಿಗೆ ಒಗ್ಗಿದ ಚರ್ಮ, ಜೋಳಕ್ಕೆ ಒಗ್ಗಿದ ಜಠರಾಗ್ನಿ, ಬಿಸಿಲಿಗೆ ಒಗ್ಗಿದ ಮನಸ್ಸು, ಮೂರಕ್ಕೂ ಇದು ಪರೀಕ್ಷೆಯೇ. ವರ್ಷಾಋತುವಿನಲ್ಲಿ ಅಗ್ನಿ ಮಂದವಾಗುತ್ತದೆ, ವಾತ ಕೆರಳುತ್ತದೆ ಎಂದು ಶಾಸ್ತ್ರ ಹೇಳುವುದು ಸ್ಥಳೀಯರಿಗೂ ಅನ್ವಯಿಸುತ್ತದೆ. ಹೊಸಬರಿಗೆ ಅದು ಇಮ್ಮಡಿಯಾಗಿ ತಟ್ಟುತ್ತದೆ.

ಅಭ್ಯಾಸದಿಂದ ದೇಹಕ್ಕೆ ಹಿತವಾದುದನ್ನು ಓಕಸಾತ್ಮ್ಯವೆಂದು ಕರೆಯುತ್ತೇವೆ. ಜೋಳದ ರೊಟ್ಟಿ ನಮ್ಮ ಮಕ್ಕಳಿಗೆ ಓಕಸಾತ್ಮ್ಯ. ಅದನ್ನು ಏಕಾಏಕಿ ನಿಲ್ಲಿಸಿ ಮೂರು ಹೊತ್ತೂ ಅಕ್ಕಿಯ ಪದಾರ್ಥಗಳನ್ನೇ ಉಣ್ಣುವಾಗ ಆಗುವುದೇನು? "ಸರ, ಎಷ್ಟು ಅನ್ನ ಉಂಡ್ರೂ ಹೊಟ್ಟಿ ತುಂಬಿದಂಗ ಆಗಂಗಿಲ್ರಿ" ಎಂದು ಮುಧೋಳದ ಕಡೆಯ ಹುಡುಗನೊಬ್ಬ ಹೇಳಿದ್ದುಂಟು. ಅವನ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಜೋಳದಲ್ಲಿ ನಾರು ಹೆಚ್ಚು, ಅದು ನಿಧಾನವಾಗಿ ಜೀರ್ಣವಾಗುತ್ತದೆ. ಬಿಳಿ ಅನ್ನ ಬೇಗ ಕರಗಿ ಎರಡು ಗಂಟೆಯಲ್ಲಿ ಮತ್ತೆ ಹಸಿವಾಗುತ್ತದೆ; ಆಗ ಹುಡುಗರು ಕಾಲೇಜಿನ ಎದುರಿನ ಅಂಗಡಿಯಲ್ಲಿ ಪಫ್ಸ್, ಬನ್ನು, ಗೋಬಿ ಮಂಚೂರಿಗಳಿಗೆ ಕೈಹಾಕುತ್ತಾರೆ. ಒಂದು ತಿಂಗಳಲ್ಲಿ ಮಲಬದ್ಧತೆ, ಹೊಟ್ಟೆಯುಬ್ಬರ, ಎದೆಯುರಿ. ತೆಂಗಿನೆಣ್ಣೆಯ ವಾಸನೆಗೇ ಊಟ ಬಿಟ್ಟ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಅಭ್ಯಾಸವಾದುದನ್ನು ಬಿಟ್ಟು ಹೊಸದನ್ನು ಹಿಡಿಯುವ ಕ್ರಮವನ್ನು ಹೇಳಿದೆ. ಒಮ್ಮೆಲೇ ಬಿಡಬಾರದು, ಒಮ್ಮೆಲೇ ಹಿಡಿಯಲೂಬಾರದು. ಕಾಲುಭಾಗ, ಕಾಲುಭಾಗವಾಗಿ ಬದಲಿಸಬೇಕು. ಅಲ್ಲಿ ಹೇಳಿರುವುದು ಅಹಿತವನ್ನು ಬಿಟ್ಟು ಹಿತವನ್ನು ಹಿಡಿಯುವ ಬಗೆಗೆ. ರೊಟ್ಟಿಯೂ ಅಹಿತವಲ್ಲ, ಕುಚ್ಚಲಕ್ಕಿಯೂ ಅಹಿತವಲ್ಲ. ಆದರೂ ತತ್ತ್ವ ಇಲ್ಲಿಗೆ ಒಪ್ಪುತ್ತದೆ. ಆದುದರಿಂದ ಮಗುವನ್ನು ಕಳುಹಿಸುವ ಮುನ್ನವೇ, ಮನೆಯಲ್ಲಿರುವಾಗಲೇ, ಎರಡು ವಾರ ಮೊದಲಿನಿಂದ ಒಂದು ಹೊತ್ತಿನ ರೊಟ್ಟಿಗೆ ಬದಲಾಗಿ ಅನ್ನವನ್ನು ಕೊಡಲು ತೊಡಗಿರಿ. ಹಾಸ್ಟೆಲಿಗೆ ಹೋದ ಮೇಲೆ ಖಡಕ್ ರೊಟ್ಟಿಯನ್ನು ಡಬ್ಬಿಯಲ್ಲಿ ಕಳುಹಿಸಿ, ದಿನಕ್ಕೊಂದು ಹೊತ್ತು ಅದನ್ನು ಉಣ್ಣಲಿ. ತಿಂಗಳೆರಡು ತಿಂಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಮಳೆಗಾಲದ ತೇವಕ್ಕೆ ಖಡಕ್ ರೊಟ್ಟಿಯೂ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆಂಬುದನ್ನು ಮರೆಯಬೇಡಿ. ಬಿಗಿ ಮುಚ್ಚಳದ ಡಬ್ಬಿ ಬೇಕು, ಒಂದು ಸಲಕ್ಕೆ ಹತ್ತು ದಿನಕ್ಕಾಗುವಷ್ಟೇ ಸಾಕು. ಬೂಸ್ಟು ಹಿಡಿದುದನ್ನು ಕೊಡವಿ ತಿನ್ನುವ ಹುಡುಗರಿದ್ದಾರೆ, ಅವ್ವ ಮಾಡಿದ್ದೆಂದು. ಎಸೆಯಲು ನೀವೇ ಹೇಳಿರಿ.

ಕುಚ್ಚಲಕ್ಕಿಯನ್ನು ಕೀಳಾಗಿ ಕಾಣುವ ರೂಢಿ ಘಟ್ಟದ ಮೇಲಿನವರಲ್ಲಿದೆ. ದಪ್ಪ ಅನ್ನ, ಕೆಂಪು ಅನ್ನ ಎಂದು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವುದರಿಂದ ತೌಡಿನಲ್ಲಿರುವ ಬಿ ಜೀವಸತ್ತ್ವಗಳಲ್ಲಿ ಒಂದು ಪಾಲು ಕಾಳಿನೊಳಗೆ ಇಳಿಯುತ್ತದೆ. ಬಿಳಿ ಸೋನಾಮಸೂರಿಗಿಂತ ಅದು ಹೆಚ್ಚು ಹೊತ್ತು ಹೊಟ್ಟೆಯಲ್ಲಿ ನಿಲ್ಲುತ್ತದೆ. ರೊಟ್ಟಿ ಬಿಟ್ಟುಬಂದ ಹೊಟ್ಟೆಗೆ ಬೆಳ್ತಿಗೆಗಿಂತ ಕುಚ್ಚಲಕ್ಕಿಯೇ ಹತ್ತಿರದ ನೆಂಟ. ಮೆಸ್ಸಿನಲ್ಲಿ ಎರಡೂ ಇದ್ದರೆ ಕುಚ್ಚಲಕ್ಕಿಯನ್ನೇ ಆಯ್ದುಕೊಳ್ಳಲಿ. ರಾತ್ರಿ ಹಸಿವು ಸರಿಯಿಲ್ಲದಾಗ ಅದರದೇ ಗಂಜಿ, ಒಂದು ಚಮಚ ತುಪ್ಪ, ಸ್ವಲ್ಪ ಉಪ್ಪು, ಹೆಸರುಕಾಳಿನ ಪಲ್ಯ ಸಿಕ್ಕರೆ ಇನ್ನೂ ಒಳ್ಳೆಯದು. ಊಟದೊಡನೆ ಮಜ್ಜಿಗೆ. ಕುಡಿಯಲು ಕುದಿಸಿ ಆರಿಸಿದ ಜೀರಿಗೆ ನೀರು. ಇಲ್ಲಿನ ಪುನರ್ಪುಳಿಯ ಸಾರು ಪಿತ್ತಕ್ಕೆ ಹಿತ. ಬಾಟಲಿಯಲ್ಲಿ ಮಾರುವ ಸಕ್ಕರೆಪಾಕದ ಶರಬತ್ತಿಗೆ ಆ ಮಾತು ಅನ್ವಯಿಸುವುದಿಲ್ಲ.

ಆಟಿ ತಿಂಗಳ ಅಮಾವಾಸ್ಯೆಯ ಬಗೆಗೆ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಆ ದಿನ ನಸುಕಿನಲ್ಲಿ ಪಾಲೆ ಮರದ, ಎಂದರೆ ಸಪ್ತಪರ್ಣದ, ತೊಗಟೆಯ ಕಷಾಯವನ್ನು ಕುಡಿಯುವುದು ತುಳುನಾಡಿನ ಹಳೆಯ ಪದ್ಧತಿ. ಕುಡಿದ ಮೇಲೆ ಮೆಂತೆಯ ಗಂಜಿ ಉಣ್ಣುತ್ತಾರೆ. ಒಳ್ಳೆಯ ಆಚರಣೆ, ಗೆಳೆಯರ ಮನೆಯಲ್ಲಿ ಹಿರಿಯರು ಕೊಟ್ಟರೆ ಸ್ವಲ್ಪ ಪ್ರಮಾಣದಲ್ಲಿ ಕುಡಿಯಬಹುದು. ಆದರೆ ಹಾಸ್ಟೆಲಿನ ಹುಡುಗರು ತಾವೇ ಕತ್ತಲೆಯಲ್ಲಿ ಕಾಡಿಗೆ ಹೋಗಿ ತೊಗಟೆ ಕೆತ್ತಿ ತರುವ ಸಾಹಸ ಬೇಡ. ಪಾಲೆಯೆಂದು ಕಾಸರಕದ ತೊಗಟೆಯನ್ನು ತಂದು ಕುಡಿದು ಪ್ರಾಣಾಪಾಯಕ್ಕೆ ಸಿಲುಕಿದ ಪ್ರಸಂಗಗಳು ಕರಾವಳಿಯಲ್ಲಿ ನಡೆದಿವೆ. ಹಗಲಿನಲ್ಲೇ ಮರವನ್ನು ಗುರುತಿಸಿ ಇಟ್ಟುಕೊಳ್ಳುವುದು ಇಲ್ಲಿನ ಹಿರಿಯರ ರೂಢಿ, ಅದಕ್ಕೆ ಕಾರಣವಿದೆ.

ಮಳೆಗಾಲದ ಇನ್ನೊಂದು ಉಪದ್ರವ ಒಣಗದ ಬಟ್ಟೆ. ತೊಡೆಸಂದು, ಸೊಂಟ, ಕಂಕುಳಲ್ಲಿ ಗಜಕರ್ಣ ಹಬ್ಬುತ್ತದೆ, ಸಂಕೋಚದಿಂದ ತೋರಿಸುವುದಿಲ್ಲ, ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿ, ತಾತ್ಕಾಲಿಕವಾಗಿ ತುರಿಕೆ ನಿಂತು, ಆಮೇಲೆ ನಾಲ್ಕು ಪಾಲು ಹೆಚ್ಚಾಗಿ ಬರುತ್ತಾರೆ. ಒಳ ಉಡುಪುಗಳು ಆರು ಜೊತೆಯಾದರೂ ಇರಲಿ, ಹತ್ತಿಯವೇ ಇರಲಿ. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬಾರದು. ಜ್ವರ ಬಂದರೆ ಮನೆಮದ್ದಿನಲ್ಲಿ ಮೂರು ದಿನ ಕಳೆಯಬೇಡಿ. ಡೆಂಗ್ಯೂ, ಇಲಿಜ್ವರ ಎರಡೂ ಈ ಭಾಗದಲ್ಲಿ ಇವೆ, ರಕ್ತಪರೀಕ್ಷೆ ಮಾಡಿಸಿಯೇ ಮುಂದಿನ ಮಾತು.

ಮೇಲೆ ಹೇಳಿದ 7ನೆಯ ಅಧ್ಯಾಯದ ಹೆಸರು ‘ನವೇಗಾನ್ಧಾರಣೀಯ’. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು ಮೊದಲಾದ 13 ವೇಗಗಳನ್ನು ತಡೆಯಬಾರದೆಂಬುದು ಅದರ ವಿಷಯ. ಹಾಸ್ಟೆಲಿನ ಮೊದಲ ವರ್ಷವೆಂದರೆ ಈ ವೇಗಗಳನ್ನು ತಡೆಯುವುದರ ಶಾಲೆಯೆಂದೇ ನನಗೆ ತೋರುತ್ತದೆ. ಬೆಳಿಗ್ಗೆ ಎಂಟು ಮಂದಿಗೊಂದು ಶೌಚಾಲಯ, ಎಂಟೂವರೆಗೆ ತರಗತಿ. ಮಲವೇಗವನ್ನು ತಡೆದು ಹೋಗುತ್ತಾರೆ. ಕಾಲೇಜಿನ ಶೌಚಾಲಯ ಸ್ವಚ್ಛವಿಲ್ಲವೆಂದು ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ಉರಿಮೂತ್ರದ ತೊಂದರೆಯಿಂದ ಬರುವ ಮೊದಲ ವರ್ಷದ ವಿದ್ಯಾರ್ಥಿನಿಯರಲ್ಲಿ ವಿಚಾರಿಸಿದರೆ ಬಹುಪಾಲು ಇದೇ ಉತ್ತರ. ತಾಯಂದಿರು ಫೋನಿನಲ್ಲಿ ಊಟವನ್ನು ಕೇಳುವಂತೆ ನೀರನ್ನೂ ಕೇಳಬೇಕು. ಮುಟ್ಟು ಒಂದೆರಡು ತಿಂಗಳು ಹಿಂದುಮುಂದಾಗುವುದು ಸ್ಥಳ ಬದಲಾದಾಗ ಸಾಮಾನ್ಯ. ಮೂರು ತಿಂಗಳು ಬಾರದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಆಡಳಿತ ಮಂಡಳಿಯವರಲ್ಲಿ ಯಾರಾದರೂ ಈ ಲೇಖನವನ್ನು ಓದುತ್ತಿದ್ದರೆ, ಹೊಸ ಸಭಾಂಗಣಕ್ಕಿಂತ ಮೊದಲು ಶೌಚಾಲಯಗಳನ್ನು ನೋಡಿರೆಂದು ವಿನಂತಿ.

ನಿದ್ರೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ; ಗೊತ್ತಿದ್ದೂ ಯಾರೂ ನಡೆಯುವುದಿಲ್ಲ. ರಾತ್ರಿ ಎರಡರವರೆಗೆ ಮೊಬೈಲು, ಹಗಲು ತರಗತಿಯಲ್ಲಿ ತೂಕಡಿಕೆ, ಭಾನುವಾರ ಮಧ್ಯಾಹ್ನದವರೆಗೆ ನಿದ್ರೆ. ರಾತ್ರಿ ಜಾಗರಣೆಯಿಂದ ರೂಕ್ಷತೆ, ಹಗಲು ನಿದ್ರೆಯಿಂದ ಕಫ. ಎರಡೂ ಕೂಡಿದರೆ ಜ್ಞಾಪಕಶಕ್ತಿ ಕುಂದುವುದು ಸಹಜ. ಆಗ ಮನೆಯವರು ಬ್ರಾಹ್ಮಿಯ ಗುಳಿಗೆ, ಸಾರಸ್ವತಾರಿಷ್ಟಗಳನ್ನು ಕೊರಿಯರಿನಲ್ಲಿ ಕಳುಹಿಸುತ್ತಾರೆ. ಇವೆಲ್ಲ ನಮ್ಮ ಶಾಸ್ತ್ರದ ಉತ್ತಮ ಔಷಧಿಗಳೇ. ಆದರೆ ಅಗ್ನಿ ಕೆಟ್ಟವನಿಗೆ, ನಿದ್ರೆ ಕೆಟ್ಟವನಿಗೆ ಮೇಲಿನಿಂದ ಸುರಿದ ಔಷಧಿ ತಳ ಒಡೆದ ಕೊಡಕ್ಕೆ ತುಂಬಿದ ನೀರು. ಅಶ್ವಗಂಧವನ್ನು ಯೂಟ್ಯೂಬ್ ನೋಡಿ ತಾವೇ ಆರಂಭಿಸಿದ ಹುಡುಗರ ಸಂಖ್ಯೆ ಈಚೆಗೆ ಹೆಚ್ಚುತ್ತಿದೆ. ಪ್ರಕೃತಿ ಪರೀಕ್ಷಿಸದೆ ಯಾವ ರಸಾಯನವೂ ಬೇಡ.

ಇನ್ನು ಮನಸ್ಸಿನ ವಿಚಾರಕ್ಕೆ ಬರೋಣ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಅದೇ.

ಪಿ.ಯು.ಸಿ.ಯವರೆಗೆ ತರಗತಿಗೆ ಮೊದಲಿಗರಾಗಿದ್ದವರೇ ವೃತ್ತಿಶಿಕ್ಷಣಕ್ಕೆ ಬರುತ್ತಾರೆ. ಅರವತ್ತು ಮಂದಿ ಮೊದಲಿಗರು ಒಂದೇ ಕೋಣೆಯಲ್ಲಿ ಕುಳಿತಾಗ ಐವತ್ತೊಂಬತ್ತು ಮಂದಿ ಎರಡನೆಯವರಾಗಲೇಬೇಕು. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಒಂದು ಗೋಡೆ. ಬಿ.ಎ.ಎಂ.ಎಸ್. ಸೇರಿದವರಿಗೆ ಅದರ ಮೇಲೆ ಸಂಸ್ಕೃತ, ಪದಾರ್ಥವಿಜ್ಞಾನ. ರಚನಾ ಶಾರೀರದ ಶವಚ್ಛೇದನ ಕೊಠಡಿಯ ವಾಸನೆ ಕೆಲವರಿಗೆ ವಾರಗಟ್ಟಲೆ ಊಟ ಸೇರದಂತೆ ಮಾಡುತ್ತದೆ. ಈಗಿನ ನಿಯಮದಂತೆ ಅವರ ಮೊದಲ ಘಟ್ಟವೇ 18 ತಿಂಗಳು. ಸೀಟು ಹಂಚಿಕೆ ಮುಗಿಯುವಾಗ ಮಳೆಗಾಲ ಕಳೆದಿರುವುದೂ ಉಂಟು, ಆದ್ದರಿಂದ ಅವರಿಗೆ ಮೊದಲ ಮಳೆ ಎದುರಾಗುವುದು ಪರೀಕ್ಷೆಯ ದಾರಿಯ ನಡುವೆ. ಬದುಕಿನಲ್ಲಿ ಮೊದಲ ಬಾರಿಗೆ ಆಂತರಿಕ ಪರೀಕ್ಷೆಯಲ್ಲಿ ಅನುತ್ತೀರ್ಣರಾದಾಗ ಅದನ್ನು ಮನೆಗೆ ಹೇಳುವ ಬಗೆಯೇ ಈ ಮಕ್ಕಳಿಗೆ ತಿಳಿದಿರುವುದಿಲ್ಲ. ಹಿಂದೆಂದೂ ಅಂತಹ ಮಾತನ್ನು ಆಡಿದವರಲ್ಲ.

ಭಾಷೆಯೂ ಒಂದು ಒಂಟಿತನ. ಸುಳ್ಯದಲ್ಲಿ ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಹವ್ಯಕ ಕನ್ನಡ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ. ಕನ್ನಡವೂ ಬೇರೆಯೇ, ‘ಐತಿ’ ಎಂದವನಿಗೆ ‘ಉಂಟು’ ಎಂಬ ಉತ್ತರ, ಅದಕ್ಕೊಂದು ನಗು. ನಗುವವರಲ್ಲಿ ಕೆಟ್ಟ ಬುದ್ಧಿ ಇರುವುದಿಲ್ಲ. ಆದರೂ ದಿನಕ್ಕೆ ಹತ್ತು ಸಲ ಆ ನಗುವನ್ನು ಕೇಳಿದ ಮಗು ಹನ್ನೊಂದನೆಯ ಸಲ ಬಾಯಿ ಮುಚ್ಚಿಕೊಳ್ಳುತ್ತದೆ. ನಾಲ್ಕು ತುಳು ಮಾತುಗಳನ್ನು ಕಲಿತು ತಪ್ಪುತಪ್ಪಾಗಿ ಆಡಿದವರು ಬೇಗ ಗೆಳೆಯರನ್ನು ಪಡೆಯುವುದನ್ನು ಕಂಡಿದ್ದೇನೆ. ಮಠಗಳ ಪ್ರಸಾದನಿಲಯಗಳಲ್ಲಿ ಇದ್ದು ಓದಿ ಬಂದವರಿಗೂ ಈ ಹೊಂದಾಣಿಕೆ ಅಷ್ಟು ಕಷ್ಟವಾಗುವುದಿಲ್ಲ. ಸಾಲಿನಲ್ಲಿ ಕುಳಿತು ಉಂಡವರಿಗೆ, ಕೋಣೆ ಹಂಚಿಕೊಂಡವರಿಗೆ ಅರ್ಧ ಪಾಠ ಆಗಿಯೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ವಿದ್ಯಾರ್ಥಿಯೊಬ್ಬ ಅಜೀರ್ಣವೆಂದು ಮೂರು ಸಲ ಬಂದ. ನಾಡಿ, ನಾಲಿಗೆ, ಹೊಟ್ಟೆ ನೋಡಿದರೆ ಅಷ್ಟೇನೂ ದೋಷವಿಲ್ಲ. ತೂಕ ಮಾತ್ರ ಎರಡು ತಿಂಗಳಲ್ಲಿ ಆರು ಕಿಲೋ ಇಳಿದಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ರೆ ಬಾರದು ಎಂದ. ಬಾಗಿಲು ಮುಚ್ಚಿ, ಕುರ್ಚಿ ಹತ್ತಿರ ಎಳೆದುಕೊಂಡು, "ತಮ್ಮಾ, ಸಾಯಬೇಕು ಅನ್ನೋ ವಿಚಾರ ಏನಾದರೂ ಬರತದೇನು?" ಎಂದು ನೇರವಾಗಿ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾಗ ಹೇಳಬ್ಯಾಡ್ರಿ, ಹೊಲ ಒತ್ತಿ ಇಟ್ಟು ಕಳಿಸ್ಯಾರ" ಎಂದ. ಆರು ವಾರಗಳಿಂದ ತರಗತಿಗೇ ಹೋಗಿರಲಿಲ್ಲ. ಅಂದೇ ಅವನ ಕೋಣೆಯ ಗೆಳೆಯನನ್ನು ಕರೆಸಿ, ಒಬ್ಬನನ್ನೇ ಬಿಡಬಾರದೆಂದು ಹೇಳಿ, ಅವನನ್ನು ಒಪ್ಪಿಸಿ ಅವನ ಎದುರಿನಲ್ಲೇ ತಂದೆಗೆ ಫೋನು ಮಾಡಿ, ಮರುದಿನ ಮಂಗಳೂರಿನ ಮನೋವೈದ್ಯರಲ್ಲಿಗೆ ಕಳುಹಿಸಲಾಯಿತು. ತಂದೆ ಆ ರಾತ್ರಿಯೇ ಹೊರಟು ಬಂದರು. ಹೊಲದ ಮಾತನ್ನು ಅವರು ಎತ್ತಲೇ ಇಲ್ಲ. ಹುಡುಗ ಒಂದು ವರ್ಷ ತಡವಾಗಿ ಓದು ಮುಗಿಸಿ ಈಗ ಕೆಲಸದಲ್ಲಿದ್ದಾನೆ.

ಸಾವಿನ ಮಾತನ್ನು ಕೇಳಿದರೆ ಆ ವಿಚಾರವನ್ನು ನಾವೇ ತಲೆಗೆ ಹಾಕಿದಂತಾಗುತ್ತದೆಂಬ ಭಯ ಅನೇಕ ತಂದೆ–ತಾಯಿಗಳಲ್ಲಿದೆ. ಹಾಗಾಗುವುದಿಲ್ಲ, ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಆಯುರ್ವೇದದ ವೈದ್ಯನಾಗಿಯೇ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ನಿದ್ರೆ, ಹಸಿವು, ಮಾತು ಈ ಮೂರೂ ಎರಡು ವಾರ ಸತತವಾಗಿ ಕುಗ್ಗಿದ್ದರೆ, ಅಥವಾ ಬದುಕಿನ ಬಗೆಗೆ ಬೇಸರದ ಮಾತು ಒಂದೇ ಸಲ ಬಂದರೂ ಸರಿ, ಕಷಾಯ–ಘೃತಗಳಲ್ಲಿ ಕಾಲ ಕಳೆಯಬಾರದು, ಮನೋವೈದ್ಯರನ್ನು ಕಾಣಬೇಕು. ಶಿರೋಧಾರಾ, ಅಭ್ಯಂಗಗಳು ಅವರ ಚಿಕಿತ್ಸೆಯ ಜೊತೆಗೆ ನಡೆಯಬಹುದು, ಅದರ ಬದಲಿಗೆ ಅಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮಗುವಿನ ಫೋನಿನಲ್ಲಿ ಮನೆಯ ಸಂಖ್ಯೆಯ ಕೆಳಗೆ ಇದನ್ನೂ ಬರೆಸಿಡಿ.

ನವೇಗಾನ್ಧಾರಣೀಯ ಅಧ್ಯಾಯದಲ್ಲಿ ತಡೆಯಬೇಕಾದ ವೇಗಗಳನ್ನೂ ಹೇಳಿದೆ. ಲೋಭ, ಕ್ರೋಧಗಳ ಜೊತೆಗೆ ಶೋಕ, ಭಯಗಳೂ ಅಲ್ಲಿವೆ. ಕೆಲವರು ಇದನ್ನು ದುಃಖವನ್ನು ನುಂಗಿಕೊಳ್ಳಬೇಕೆಂದು ಅರ್ಥೈಸುತ್ತಾರೆ. ಅದೇ ಅಧ್ಯಾಯ ಕಣ್ಣೀರನ್ನು ತಡೆಯಬಾರದೆಂದೂ ಹೇಳುವುದನ್ನು ಅವರು ಗಮನಿಸಿಲ್ಲ. ಶೋಕದ ಕೈಗೆ ಬುದ್ಧಿಯನ್ನು ಕೊಡಬೇಡ, ಆದರೆ ಅಳು ಬಂದರೆ ಅಳು. ಗಂಡುಮಕ್ಕಳಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿದೆ.

ರ್‍ಯಾಗಿಂಗ್ ಈಗ ಮೊದಲಿನಷ್ಟಿಲ್ಲವಾದರೂ ಇಲ್ಲವೇ ಇಲ್ಲವೆನ್ನಲಾಗದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಗಳ ಪ್ರಕಾರ ಅದು ಅಪರಾಧ, ದೂರಿಗೆ 1800–180–5522. ‘ಹಿರಿಯ ವಿದ್ಯಾರ್ಥಿಗಳು ಪರಿಚಯ ಮಾಡಿಕೊಳ್ಳುತ್ತಿದ್ದಾರೆ, ಅಷ್ಟೇ’ ಎಂದು ಮಗು ಹೇಳಿದರೆ, ಆ ಪರಿಚಯ ರಾತ್ರಿ ಎಷ್ಟು ಹೊತ್ತಿಗೆ, ಎಲ್ಲಿ ನಡೆಯುತ್ತದೆಂದು ಕೇಳಿರಿ.

ಹೊರಗಿನವರ ಬಗೆಗೇ ಇಷ್ಟು ಬರೆದೆ. ಇಲ್ಲಿಯವರ ಕಷ್ಟ ಬೇರೆ ಬಗೆಯದು. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಸೇರಿಸಿ ಆದ ಕಡಬ ತಾಲ್ಲೂಕಿನ ಕೊಂಬಾರು, ಬಿಳಿನೆಲೆ, ಶಿರಾಡಿ, ಇತ್ತ ಸುಳ್ಯದ ಕೊಲ್ಲಮೊಗ್ರು, ಮಡಪ್ಪಾಡಿಗಳಿಂದ ಬರುವ ಮಕ್ಕಳು ಬೆಳಿಗ್ಗೆ ಕತ್ತಲಿರುವಾಗಲೇ ತೋಟದ ದಾರಿಯಲ್ಲಿ ನಡೆದು ಬಸ್ಸು ಹಿಡಿಯುತ್ತಾರೆ. ತಿಂಡಿ ತಿಂದಿರುವುದಿಲ್ಲ. ಸಂಜೆ ಬಸ್ಸು ತಪ್ಪಿದರೆ ಮನೆ ಸೇರುವಾಗ ಎಂಟು ಗಂಟೆ. ನಿಂತೇ ಪ್ರಯಾಣ, ಬೆನ್ನಿಗೆ ಲ್ಯಾಪ್‌ಟಾಪಿನ ಭಾರ. ಹತ್ತೊಂಬತ್ತರ ಪ್ರಾಯದಲ್ಲೇ ಸೊಂಟನೋವು. ಇವರಿಗೆ ನಾನು ಹೇಳುವುದು ರಾತ್ರಿಯ ಕುಚ್ಚಲಕ್ಕಿ ಗಂಜಿಯನ್ನು ಬೆಳಿಗ್ಗೆ ಬಿಸಿಮಾಡಿ ಒಂದು ಬಟ್ಟಲಾದರೂ ಕುಡಿದು ಹೊರಡಿರೆಂದು. ಐದು ನಿಮಿಷದ ಕೆಲಸ. ಸಂಪಾಜೆ, ಅರಂತೋಡು ಭಾಗದ ಅಡಿಕೆ ತೋಟಗಳು ಹಳದಿ ಎಲೆ ರೋಗಕ್ಕೆ ಬಲಿಯಾಗಿ ಆದಾಯ ನಿಂತ ಮನೆಗಳ ಮಕ್ಕಳು ತಮ್ಮ ಶುಲ್ಕವನ್ನು ತಾವೇ ಭಾರವೆಂದು ಭಾವಿಸಿ ಮಧ್ಯಾಹ್ನದ ಊಟವನ್ನು ಬಿಡುವುದುಂಟು. ಅಧ್ಯಾಪಕರು ತರಗತಿಯಲ್ಲಿ ಯಾರು ಬುತ್ತಿ ಬಿಚ್ಚುವುದಿಲ್ಲ ಎಂಬುದನ್ನು ಒಂದು ವಾರ ಗಮನಿಸಿದರೆ ಸಾಕು, ತಿಳಿಯುತ್ತದೆ.

ಮನೆಯವರು ಫೋನು ಮಾಡುವ ಬಗೆಗೂ ಹೇಳಬೇಕು. ದಿನಕ್ಕೆ ಐದು ಸಲ ಮಾತಾಡಿದ ಮಗುವಿನ ಮನಸ್ಸು ಹೊಸ ಊರಿಗೆ ಬರುವುದೇ ಇಲ್ಲ. ವಾರಕ್ಕೊಮ್ಮೆ ಮಾತಾಡಿದವರಿಗೆ ಬದಲಾವಣೆ ಗೊತ್ತಾಗುವುದಿಲ್ಲ. ದಿನಕ್ಕೊಮ್ಮೆ, ರಾತ್ರಿ ಊಟದ ನಂತರ, ಹತ್ತು ನಿಮಿಷ. ‘ಎಷ್ಟು ಅಂಕ ಬಂತು’ ಎಂಬುದು ಮೊದಲ ಪ್ರಶ್ನೆಯಾಗದಿರಲಿ. ಇಂದು ಯಾರೊಡನೆ ಕುಳಿತು ಉಂಡೆ ಎಂದು ಕೇಳಿರಿ. ಹೆಸರು ಹೇಳಿದರೆ ಚಿಂತೆಯಿಲ್ಲ. ಹಲವು ದಿನ ಹೆಸರೇ ಬಾರದಿದ್ದರೆ ರೈಲು ಹತ್ತಿ ಬನ್ನಿ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದೂ ಉಂಟು, ಬಸ್ಸಿನಲ್ಲಾದರೂ ಬನ್ನಿ.

ಮೊದಲ ರಜೆಗೆ ಮಗು ಮನೆಗೆ ಬಂದಾಗ ತೂಕ ನೋಡಿ. ಒಂದೆರಡು ಕಿಲೋ ಇಳಿದಿದ್ದರೆ ರೊಟ್ಟಿ, ಎಣ್ಣೆಗಾಯಿ, ಮೊಸರುಗಳು ಸರಿಪಡಿಸುತ್ತವೆ. ನಾಲ್ಕೈದು ಕಿಲೋ ಇಳಿದಿದ್ದರೆ ಹಿಂದಿರುಗುವ ಮುನ್ನ ವೈದ್ಯರಿಗೆ ತೋರಿಸಿರಿ. ಹೊರಡುವ ಹಿಂದಿನ ದಿನ ಹೊಟ್ಟೆನೋವು, ವಾಂತಿ ಕಾಣಿಸಿಕೊಂಡರೆ ಹಬ್ಬದ ಹೋಳಿಗೆ ಹೆಚ್ಚಾಯಿತೆಂದು ತೀರ್ಮಾನಿಸುವ ಮೊದಲು ಒಂದು ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳಿರಿ.